ಕೇಳಿ ಸ್ವಾಮಿ: ರಾತ್ರಿ ತಾನೇ ಹತ್ಕೊಳ್ಳೋ ಲೈಟು ಯಾವುದು ತಗೊಳ್ಳೋದು?

ಹೋದ ಸಲ ವೈರಿಂಗ್ ಬಗ್ಗೆ ಬರೀತಾ ಕೊನೇಲಿ ಸುಮ್ನೆ ಒಂದು ಮಾತು ಹಾಕಿದ್ದೆ, ರಾತ್ರಿ ಎದ್ದಾಗ ದೊಡ್ಡ ಲೈಟ್ ಹಾಕೋ ಬದ್ಲು ಸೆನ್ಸಾರ್ ಇರೋ ಚಿಕ್ಕ ಲೈಟ್ ಇಟ್ಕೊಳ್ಳಿ ಅಂತ. ಅಷ್ಟಕ್ಕೆ ಪ್ರಶ್ನೆ ಮೇಲೆ ಪ್ರಶ್ನೆ ಬಂದಿದೆ, ವೈರಿಂಗ್ ಬಗ್ಗೆ ಮಾತ್ರ ಒಬ್ರೂ ಕೇಳಿಲ್ಲ. ಸರಿ, ಈ ಸಲ ಪೂರ್ತಿ ಇದೇ ಆಗ್ಲಿ.

ಪ್ರಶ್ನೆ: ನಮಸ್ಕಾರ ಅಣ್ಣ. ನಮ್ಮದು ತೀರ್ಥಹಳ್ಳಿ ಹತ್ರ ಹಳೇ ಮನೆ. ಅತ್ತೆಗೆ 78 ವರ್ಷ, ರಾತ್ರಿ ಎರಡು ಮೂರು ಸಲ ಏಳ್ತಾರೆ, ಅವ್ರ ಕೋಣೆಯಿಂದ ನಡುಮನೆ ದಾಟಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲಿಂದ ಮೂರು ಮೆಟ್ಟಿಲು ಇಳಿದು ಬಚ್ಚಲಿಗೆ ಹೋಗ್ಬೇಕು. ಹೋದ ಮಳೆಗಾಲ ಹೊಸ್ತಿಲು ಎಡವಿ ಬಿದ್ರು, ದೇವರ ದಯೆ ಮೂಳೆಗೆ ಏನೂ ಆಗ್ಲಿಲ್ಲ. ನಮ್ಮನೆಯವ್ರು ಆನ್‌ಲೈನಲ್ಲಿ ಒಂದು ಸೆನ್ಸಾರ್ ಲೈಟ್ ತರಿಸಿ ಗೋಡೆ ಮೇಲೆ ಹಾಕಿದ್ರೆ ಅತ್ತೆ "ಕಣ್ಣಿಗೆ ಹೊಡೆಯುತ್ತೆ, ತೆಗಿ" ಅಂತಾರೆ. ಸೋಲಾರ್ ತಗೊಳ್ಳೋದಾ, ಬ್ಯಾಟರೀದಾ, ಪ್ಲಗ್ಗಿಗೆ ಹಾಕೋದಾ? ಹಾವು ಬಂದ್ರೂ ಹತ್ಕೊಳ್ಳುತ್ತೆ ಅಂತ ಪಕ್ಕದ ಮನೆಯವ್ರು ಹೇಳಿದ್ರು, ಹೌದಾ?

ಉತ್ತರ: ನಿಮ್ಮತ್ತೆ ಹೇಳಿದ್ದು ಸರಿ ತಾಯಿ, ಲೈಟ್ ತಪ್ಪು ಜಾಗದಲ್ಲಿದೆ. ಕೊಳ್ಳೋಕೆ ಮುಂಚೆ ಒಂದು ಕೆಲ್ಸ ಮಾಡಿ, ಇವತ್ತು ರಾತ್ರಿ ಎಲ್ಲಾ ಲೈಟ್ ಆರಿಸಿ ಅವ್ರ ಮಂಚದಿಂದ ಬಚ್ಚಲ ತನಕ ನೀವೇ ನಡೆದು ನೋಡಿ, ನಿಧಾನಕ್ಕೆ, ಅವ್ರ ಹಾಗೇನೇ. ಎಲ್ಲೆಲ್ಲಿ ನಿಮ್ಮ ಕಾಲು ತಡಕಾಡುತ್ತೋ ಅಲ್ಲಿಗೆ ಒಂದೊಂದು ಚಿಕ್ಕ ಲೈಟ್ ಬೇಕು. ನಿಮ್ಮ ಮನೇಲಿ ನನ್ನ ಲೆಕ್ಕಕ್ಕೆ ನಾಲ್ಕು: ಮಂಚದ ಕೆಳಗೆ ಒಂದು, ಒಳಗಿನ ಎರಡು ಹೊಸ್ತಿಲಿಗೆ ಒಂದೊಂದು, ಹಿತ್ತಲ ಮೆಟ್ಟಿಲಿಗೆ ಒಂದು. ಒಂದೇ ದೊಡ್ಡ ಲೈಟ್ ಹಾಕಿ ಮನೆಯೆಲ್ಲಾ ಬೆಳಗ್ಸೋದು ಹಗಲಿನ ಯೋಚನೆ, ರಾತ್ರಿಗೆ ಅದು ನಡೆಯಲ್ಲ.

ಯಾಕೆ ಅಂದ್ರೆ, ಕತ್ತಲಲ್ಲಿ ಮಲಗಿದ್ದ ಕಣ್ಣು ಕತ್ತಲಿಗೆ ಪೂರ್ತಿ ಹೊಂದ್ಕೊಳ್ಳೋಕೆ ಇಪ್ಪತ್ತು ಮೂವತ್ತು ನಿಮಿಷ ಬೇಕು, ಅದನ್ನ ಕೆಡಿಸೋಕೆ ಒಂದು ಬಿಳೀ ಲೈಟಿಗೆ ಒಂದು ಸೆಕೆಂಡ್ ಸಾಕು. ಆಮೇಲೆ ಲೈಟ್ ಆರಿದಾಗ ಮೊದಲಿಗಿಂತ ಕುರುಡು. ವಯಸ್ಸಾದವ್ರಿಗೆ ಇನ್ನೊಂದು ಕಷ್ಟ, 60 ದಾಟಿದ ಕಣ್ಣಿನ ಒಳಪರದೆಗೆ ತಲುಪೋ ಬೆಳಕು ಇಪ್ಪತ್ತರ ಹುಡುಗರಿಗೆ ಹೋಲಿಸಿದ್ರೆ ಮೂರರಲ್ಲಿ ಒಂದು ಪಾಲು ಅಷ್ಟೇ, ಅಂದ್ರೆ ಬೆಳಕು ಜಾಸ್ತಿ ಬೇಕು, ಆದ್ರೆ ಪೊರೆ ಬರ್ತಾ ಇರೋ ಕಣ್ಣಿಗೆ ನೇರವಾಗಿ ಬೆಳಕು ಬಿದ್ರೆ ಎಲ್ಲಾ ಮಬ್ಬಾಗಿ ಬಿಡುತ್ತೆ. ಹಾಗಾಗಿ ಲೈಟ್ ಮೊಣಕಾಲಿಗಿಂತ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ, ನೆಲಕ್ಕೆ ಬೆಳಕು ಚೆಲ್ಲೋ ಹಾಗೆ ಇರ್ಬೇಕು. ಕೆಳಗಿಂದ ಓರೆಯಾಗಿ ಬೆಳಕು ಬಿದ್ರೆ ಹೊಸ್ತಿಲಿನ ನೆರಳು ಉದ್ದಕ್ಕೆ ಬೀಳುತ್ತೆ, ಎಷ್ಟು ಎತ್ತರ ಇದೆ ಅಂತ ಕಾಲಿಗೆ ಮೊದಲೇ ಗೊತ್ತಾಗುತ್ತೆ. ಮೇಲಿಂದ ಬಿದ್ರೆ ಹೊಸ್ತಿಲೂ ನೆಲವೂ ಒಂದೇ ಥರ ಕಾಣುತ್ತೆ.

ಬಣ್ಣ ವಾರ್ಮ್ ವೈಟ್ ತಗೊಳ್ಳಿ, ಡಬ್ಬಿ ಮೇಲೆ 2700 ಕೆ ಅಥವಾ 3000 ಕೆ ಅಂತ ಇರುತ್ತೆ, ಬುಡ್ಡಿ ದೀಪದ ಹಳದಿಗೆ ಹತ್ತಿರ. ನಮ್ಮ ಅಂಗಡಿಗಳಲ್ಲಿ ಕೇಳಿದ ತಕ್ಷಣ ಕೈಗೆ ಕೊಡೋದು 6500 ಕೆ, ಕೂಲ್ ಡೇಲೈಟ್. ಅದು ಬೇಡ. ಬಿಳೀ ಎಲ್‌ಇಡಿ ಅಂದ್ರೆ ಒಳಗಿರೋದು ನೀಲಿ ಎಲ್‌ಇಡಿನೇ, ಮೇಲೆ ಹಳದಿ ಪುಡಿ ಮೆತ್ತಿರ್ತಾರೆ, ಡೇಲೈಟ್ ಅಂದ್ರೆ ನೀಲಿ ಪಾಲು ಜಾಸ್ತಿ, ಆ ನೀಲಿ ಕಣ್ಣಿಗೆ ಬಿದ್ರೆ ಬೆಳಗಾಯ್ತು ಅಂತ ಮೈ ಅಂದ್ಕೊಂಡು ನಿದ್ದೆ ಹಾರಿ ಹೋಗುತ್ತೆ. ಎಷ್ಟು ಬೆಳಕು ಬೇಕು ಅಂದ್ರೆ, ಒಂದು ಮೇಣದಬತ್ತಿ ಸುಮಾರು 12 ಲ್ಯೂಮೆನ್, ಕೋಣೆ ಒಳಗೆ ಅದರ ಅರ್ಧ ಸಾಕು, ಮೆಟ್ಟಿಲಿಗೆ ಒಂದೂವರೆ ಮೇಣದಬತ್ತಿಯಷ್ಟು ಇರ್ಲಿ. ನಮ್ಮಜ್ಜಿ ಕಾಲದಲ್ಲಿ ದೇವರ ಕೋಣೆ ನಂದಾದೀಪನೇ ನೈಟ್ ಲ್ಯಾಂಪ್ ಆಗಿತ್ತು, ಅಷ್ಟೇ ಬೆಳಕಲ್ಲಿ ಮನೆ ಮಂದಿಯೆಲ್ಲಾ ಓಡಾಡ್ತಿದ್ರು.

ಮಂಚದ ಹತ್ರ ಹಾಕೋದು ಮಾತ್ರ ಹುಷಾರು, ಮಗ್ಗುಲು ಬದಲಿಸಿದ್ರೆ ಹತ್ಕೊಳ್ಳೋ ಹಾಗಿರ್ಬಾರ್ದು. ಮಂಚದ ಪಟ್ಟಿ ಒಳಬದಿಗೆ ಕೆಳಮುಖವಾಗಿ ಅಂಟಿಸಿ, ಮೇಲೆ ಮಲಗಿದವ್ರು ಅದಕ್ಕೆ ಕಾಣಲ್ಲ, ಕಾಲು ನೆಲಕ್ಕೆ ಇಟ್ಟಾಗ ಹತ್ಕೊಳ್ಳುತ್ತೆ. ಹತ್ತಿದ ಮೇಲೆ ಅತ್ತೆ ತಕ್ಷಣ ಏಳ್ಬಾರ್ದು, ಒಂದು ನಿಮಿಷ ಮಂಚದ ಅಂಚಲ್ಲೇ ಕೂತು ಆಮೇಲೆ ಏಳ್ಲಿ, ಬಿಪಿ ಮಾತ್ರೆ ತಗೊಳ್ಳೋರಿಗೆ ದಿಢೀರ್ ಎದ್ರೆ ತಲೆ ತಿರುಗುತ್ತೆ, ಅದಕ್ಕೆ ಯಾವ ಲೈಟೂ ಮದ್ದಲ್ಲ.

ಇನ್ನು ಯಾವ ಥರದ್ದು ಅಂತ. ನಿಮ್ಮ ಕಡೆ ಮಳೆಗಾಲದಲ್ಲಿ ಒಂದು ಮರ ಬಿದ್ರೆ ಎರಡು ದಿನ ಕರೆಂಟ್ ಇರಲ್ಲ, ಹಾಗಾಗಿ ಹೊಸ್ತಿಲಿಗೂ ಮಂಚಕ್ಕೂ ಚಾರ್ಜ್ ಮಾಡೋದೇ ಇರ್ಲಿ, ಮ್ಯಾಗ್ನೆಟ್ ಪಟ್ಟಿ ಮೇಲೆ ಕೂರೋದು ಸಿಗುತ್ತೆ, ಕಿತ್ತು ಮೊಬೈಲ್ ಚಾರ್ಜರಿಗೆ ಹಾಕಿ ಮತ್ತೆ ಅಂಟಿಸೋದು. ಸೋಲಾರ್ ನಿಮ್ಮ ಹಿತ್ತಲಿಗೆ ಬೇಡ, ಜೂನಿಂದ ಆಗಸ್ಟ್ ತನಕ ಬಿಸಿಲೇ ಕಾಣದ ಊರಲ್ಲಿ, ಅದೂ ಸೂರಿನ ಕೆಳಗೆ, ಅದು ಬರೀ ಅಲಂಕಾರಕ್ಕೆ. ಮೆಟ್ಟಿಲ ಹತ್ರ ಐಪಿ 65 ಅಂತ ಬರೆದಿರೋದನ್ನ, ಅಂದ್ರೆ ಮಳೆ ನೀರು ಒಳಗೆ ಹೋಗದ್ದನ್ನ, ಕರೆಂಟ್ ಲೈನಿಗೇ ಹಾಕಿಸಿ. ಹೊರಗೂ ಹಳದಿ ಬೆಳಕೇ ಇರ್ಲಿ, ಬಿಳೀ ಬೆಳಕಿಗೆ ಹುಳ ಜಾಸ್ತಿ, ಮೊದಲ ಮಳೆಗೆ ಈಚಲು ಎದ್ದಾಗ ನೋಡಿರ್ತೀರಲ್ಲ, ಹುಳ ಬಂದ್ರೆ ಹಿಂದೆಯೇ ಹಲ್ಲಿ, ಕಪ್ಪೆ.

ಹಾವಿನ ಮಾತು ಸುಳ್ಳು. ಈ ಸೆನ್ಸಾರ್ ನೋಡೋದು ಮೈ ಬಿಸಿ, ಸುತ್ತಲ ಗೋಡೆ ನೆಲಕ್ಕಿಂತ ಬೇರೆ ಬಿಸಿ ಇರೋದು ಓಡಾಡಿದ್ರೆ ಹತ್ಕೊಳ್ಳುತ್ತೆ. ಹಾವಿನ ಮೈ ನೆಲದಷ್ಟೇ ತಂಪು, ಅದು ಹಾದು ಹೋದ್ರೂ ಇದಕ್ಕೆ ಗೊತ್ತೇ ಆಗಲ್ಲ. ಹಿತ್ತಲಿಗೆ ಇಳಿಯುವಾಗ ಕೈಲಿ ಟಾರ್ಚ್ ಇರ್ಲೇಬೇಕು, ಲೈಟ್ ಇದೆ ಅಂತ ಆ ಅಭ್ಯಾಸ ಬಿಡ್ಬೇಡಿ.

ಆಮೇಲೆ ಒಂದು ಖರ್ಚಿಲ್ಲದ್ದು: ಮೂರೂ ಮೆಟ್ಟಿಲಿನ ಅಂಚಿಗೆ ಒಂದೊಂದು ಬಿಳೀ ಪೇಂಟ್ ಪಟ್ಟಿ ಬಳೀರಿ. ಹೊಸ್ತಿಲಿಗೆ ಅರಿಶಿನ ಹಚ್ಚಿ ರಂಗೋಲಿ ಎಳೆ ಎಳೀತೀರಲ್ಲ, ಅದು ಅಳಿಸದ ಹಾಗೆ ನೋಡ್ಕೊಳ್ಳಿ, ಅರೆಬೆಳಕಲ್ಲಿ ಮೊದಲು ಕಾಣೋದು ಅದೇ.

ಪ್ರಶ್ನೆ: ನಮಸ್ಕಾರ್ರೀ ಸರ, ಕಲಬುರಗಿಯಿಂದ ಬರಿಲಿಕತ್ತೀನಿ. ದೀಪಾವಳಿಗೆ ಒಂದು ಸೆನ್ಸಾರ್ ಲೈಟ್ ತಂದು ಹಾಕೀವ್ರಿ, ಥಂಡ್ಯಾಗ ಭಾಳ ಛಲೋ ನಡೀತು, ಈಗ ಬ್ಯಾಸಗಿ ಬಂದದ, ರಾತ್ರಿ ಎದ್ದು ಅದರ ಮುಂದ ಹೋಗಿ ನಿಂತ್ರೂ ಹತ್ತವಲ್ದು. ಅಂಗಡ್ಯಾಂವ ಪೀಸ್ ಕೆಟ್ಟದ ಅಂತಾನ, ಖರೇನ ಕೆಟ್ಟದೇನ್ರಿ?

ಉತ್ತರ: ಕೆಟ್ಟಿಲ್ಲ ರೀ, ನಿಮ್ಮೂರ ಸೆಕೆಗೆ ಅದಕ್ಕೆ ಮನುಷ್ಯರ ಗುರುತೇ ಸಿಗ್ತಿಲ್ಲ. ಮೇಲೆ ಹೇಳಿದ್ನಲ್ಲ, ಅದು ನೋಡೋದು ಬಿಸಿಯ ವ್ಯತ್ಯಾಸ. ನಮ್ಮ ಚರ್ಮ ಸುಮಾರು 33-34 ಡಿಗ್ರಿ ಇರುತ್ತೆ, ಚಳಿಗಾಲದಲ್ಲಿ ಗೋಡೆ 20 ಇದ್ದಾಗ ನೀವು ಅದಕ್ಕೆ ಉರಿಯೋ ಕೆಂಡದ ಹಾಗೆ ಕಾಣ್ತೀರಿ, ಮೇ ತಿಂಗಳಲ್ಲಿ ಹಗಲು 42 ಕುಡಿದ ಗೋಡೆ ರಾತ್ರಿ ಹನ್ನೊಂದಕ್ಕೂ 34ರಲ್ಲೇ ಇದ್ರೆ ನೀವೂ ಗೋಡೆನೂ ಒಂದೇ ಅದಕ್ಕೆ.

ಎರಡು ಉಪಾಯ ಇದೆ. ಒಂದು, ಜಾಗ ಬದಲಿಸಿ. ಆ ಬಿಳೀ ಉಬ್ಬು ಮುಚ್ಚಳ ಇದೆಯಲ್ಲ, ಅರ್ಧ ಗೋಲಿ ಥರದ್ದು, ಅದರೊಳಗೆ ಸಣ್ಣ ಸಣ್ಣ ಗೆರೆ ಇರುತ್ತೆ, ಅದು ಕೋಣೇನ ಬೀಸಣಿಗೆ ಥರ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ನೋಡುತ್ತೆ, ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಬಿಸಿ ದಾಟಿದಾಗ್ಲೇ ಅದಕ್ಕೆ ಗೊತ್ತಾಗೋದು. ನೀವು ನೇರ ಅದರ ಎದುರಿಗೆ ನಡೆದು ಬಂದ್ರೆ ಒಂದೇ ಪಟ್ಟಿಯೊಳಗೆ ಬರ್ತಾ ಇರ್ತೀರಿ, ಹೋಗಿ ಸುಮ್ನೆ ನಿಂತ್ರಂತೂ ಏನೂ ದಾಟಿದ ಹಾಗಾಗಲ್ಲ. ಅಡ್ಡ ಹಾದು ಹೋಗೋ ಹಾಗೆ ಪಕ್ಕದ ಗೋಡೆಗೆ ಹಾಕಿ, ಅದೂ ನಾಲ್ಕೈದು ಅಡಿ ದೂರದೊಳಗೆ. ಎರಡನೇದು, ಅದೇ ದಾರಿಗೆ ರಾಡಾರ್ ಸೆನ್ಸಾರ್ ಅಂತ ಬರೋದನ್ನ ಹಾಕೋದು, ಡಬ್ಬಿ ಮೇಲೆ ಮೈಕ್ರೋವೇವ್ ಅಂತಲೂ ಬರೆದಿರ್ತಾರೆ. ಅದು ಬಿಸಿ ನೋಡಲ್ಲ, ತಾನೇ ಸಣ್ಣ ರೇಡಿಯೋ ಅಲೆ ಬಿಟ್ಟು ವಾಪಸ್ ಬಂದದ್ದು ನೋಡುತ್ತೆ, ಬ್ಯಾಸಗಿ ಥಂಡಿ ಎಲ್ಲಾ ಒಂದೇ. ಆದ್ರೆ ಅದರ ಕಣ್ಣು ತೆಳು ಗೋಡೆ, ಮರದ ಬಾಗಿಲು ದಾಟುತ್ತೆ, ಆಚೆ ರೂಮಲ್ಲಿ ಯಾರೋ ಎದ್ರೆ ಈಚೆ ಹತ್ಕೊಂಡೀತು. ಪೀಸ್ ಮಾತ್ರ ಎಸೀಬೇಡ್ರಿ, ಶ್ರಾವಣಕ್ಕೆ ಮತ್ತೆ ನಡೆಯುತ್ತೆ.

ಪ್ರಶ್ನೆ: ಅಣ್ಣ, ಮಗುಗೆ ನಾಲ್ಕು ತಿಂಗಳು, ರಾತ್ರಿ ಹಾಲು ಕುಡಿಸೋಕೆ ಏಳ್ತೀನಿ. ಸೆನ್ಸಾರ್ ಲೈಟ್ ತಗೊಂಡೆ, ಮಗು ಕೈಕಾಲು ಆಡಿಸಿದ್ರೂ ಹತ್ಕೊಳ್ಳುತ್ತೆ, ಪಾಪು ಪೂರ್ತಿ ಎಚ್ಚರ ಆಗಿಬಿಡುತ್ತೆ. ಅದರ ಮೇಲೆ ನಮ್ಮತ್ತೆ, ರಾತ್ರಿ ಲೈಟ್ ಹಾಕಿ ಮಲಗಿಸಿದ್ರೆ ಮಗು ಕಣ್ಣು ಹಾಳಾಗಿ ಕನ್ನಡಕ ಬರುತ್ತೆ ಅಂತ ಎಲ್ಲೋ ಓದಿದಾರೆ. ನಿಜಾನಾ? (ಬೆಂಗಳೂರು)

ಉತ್ತರ: ಅತ್ತೆ ಓದಿದ್ದು ಸುಳ್ಳಲ್ಲ ಕಣಮ್ಮ, ಅರ್ಧ ಕಥೆ. 1999ರಲ್ಲಿ ಅಮೆರಿಕದ ಕೆಲವು ಡಾಕ್ಟರುಗಳು ನೇಚರ್ ಅನ್ನೋ ಪತ್ರಿಕೇಲಿ ಬರೆದಿದ್ರು, ಎರಡು ವರ್ಷದೊಳಗೆ ಲೈಟ್ ಹಾಕಿ ಮಲಗಿಸಿದ ಮಕ್ಕಳಿಗೆ ಮುಂದೆ ದೂರದ್ದು ಮಬ್ಬು ಕಾಣೋ ತೊಂದರೆ ಜಾಸ್ತಿ ಅಂತ. ಲೋಕವೆಲ್ಲಾ ಸುದ್ದಿ ಆಯ್ತು. ಮಾರನೇ ವರ್ಷ 2000ದಲ್ಲಿ ಬೇರೆ ತಂಡಗಳು ಅದನ್ನೇ ಮತ್ತೆ ನೋಡಿ ಅಂಥ ಸಂಬಂಧ ಸಿಗಲಿಲ್ಲ ಅಂತ ಅದೇ ಪತ್ರಿಕೇಲಿ ಬರೆದ್ರು, ಆಗ ಗೊತ್ತಾಗಿದ್ದೇನಂದ್ರೆ ಕನ್ನಡಕದ ಅಪ್ಪ ಅಮ್ಮಂದಿರೇ ಮಕ್ಕಳ ಕೋಣೇಲಿ ಲೈಟ್ ಬಿಡೋದು ಜಾಸ್ತಿ, ಕನ್ನಡಕ ಬರೋದು ಅವ್ರಿಂದಲೇ, ಲೈಟಿಂದಲ್ಲ. ಈ ಎರಡನೇ ಸುದ್ದಿ ಮಾತ್ರ ಯಾರ ಅತ್ತೆಗೂ ತಲುಪಲಿಲ್ಲ ನೋಡಿ.

ಆದ್ರೂ ಮಗು ಕೋಣೆಗೆ ಸೆನ್ಸಾರ್ ಬೇಡ, ನಿಮಗೆ ಬೇಕಾಗಿರೋದು ಕೈಲಿ ಮುಟ್ಟಿದ್ರೆ ಹತ್ತೋ ಸಣ್ಣ ಲೈಟು, ಕೆಂಪು ಇಲ್ಲಾ ಕಿತ್ತಳೆ ಬಣ್ಣದ್ದು. ಕತ್ತಲಲ್ಲಿ ನೋಡೋ ಕಣ್ಣಿನ ಕೋಶಗಳಿಗೆ ಕೆಂಪು ಹೆಚ್ಚುಕಮ್ಮಿ ಕಾಣ್ಸೋದೇ ಇಲ್ಲ, ಹಾಗಾಗಿ ಆರಿಸಿದ ಮೇಲೂ ನಿಮಗೆ ಕತ್ತಲು ಹೊಸದು ಅನ್ಸಲ್ಲ, ಪಾಪುಗೂ ಬೆಳಗಾಯ್ತು ಅನ್ಸಲ್ಲ. ಈಗ ಇರೋ ಸೆನ್ಸಾರನ್ನ ಕೋಣೆ ಬಾಗಿಲಾಚೆ ಹಾಕಿ. ಕೋಣೆ ಒಳಗೇ ಇಡ್ಲೇಬೇಕು ಅಂದ್ರೆ ಆ ಉಬ್ಬು ಮುಚ್ಚಳದಲ್ಲಿ ತೊಟ್ಟಿಲ ಕಡೆ ನೋಡೋ ಅರ್ಧಕ್ಕೆ ಕಪ್ಪು ಇನ್ಸುಲೇಶನ್ ಟೇಪ್ ಅಂಟಿಸಿ, ಆ ಕಡೆ ಅದು ಕುರುಡಾಗುತ್ತೆ.

ಪ್ರಶ್ನೆ: ಸೆನ್ಸಾರ್ ಇದ್ರೆ ಕರೆಂಟ್ ಎಷ್ಟು ಉಳಿಯುತ್ತೆ? (ತುಮಕೂರು)

ಉತ್ತರ: ಏನೂ ಉಳಿಯಲ್ಲ ಅನ್ನೋಷ್ಟು. ಹಳೇ ಜೀರೋ ಬಲ್ಬ್ ಇತ್ತಲ್ಲ, ಹೆಸರಿಗೆ ಜೀರೋ, ತಿಂತಾ ಇದ್ದಿದ್ದು 15 ವ್ಯಾಟ್, ದಿನಾ ಒಂಬತ್ತು ಗಂಟೆ ಉರಿದ್ರೆ ತಿಂಗಳಿಗೆ ನಾಲ್ಕು ಯೂನಿಟ್. ಅದು ಇನ್ನೂ ಇದ್ರೆ ಇವತ್ತೇ ಕಿತ್ತು ಹಾಕಿ. ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿಯಿಡೀ ಉರಿದ್ರೂ ತಿಂಗಳಿಗೆ ಒಂದು ಯೂನಿಟ್ಟಿನ ಏಳನೇ ಒಂದು ಭಾಗ, ಒಂದು ರೂಪಾಯಿನೂ ಆಗಲ್ಲ. ಗೃಹಜ್ಯೋತಿ ಇದ್ದೋರಿಗೆ ಅದೂ ಲೆಕ್ಕಕ್ಕಿಲ್ಲ. ಸೆನ್ಸಾರ್ ತಗೊಳ್ಳೋದು ಕತ್ತಲಲ್ಲಿ ಚೆನ್ನಾಗಿ ನಿದ್ದೆ ಮಾಡೋಕೆ, ಬಿಲ್ಲಿಗಲ್ಲ.

ಪ್ರಶ್ನೆ: ನಮ್ಮ ಬಾತ್‌ರೂಮಿಗೆ ಸೆನ್ಸಾರ್ ಬಲ್ಬ್ ಹಾಕಿದ್ದು. ಕೂತು ಅರ್ಧ ನಿಮಿಷ ಆಗುವಾಗ ಫಕ್ಕ ಆಫ್ ಆಗ್ತದೆ ಮಾರಾಯ್ರೆ, ಕತ್ತಲೆಯಲ್ಲಿ ಕೂತು ಕೈ ಬೀಸ್ತಾ ಇರ್ಬೇಕು. ಇದಕ್ಕೆ ಎಂತ ಮಾಡುದು? (ಮಂಗಳೂರು)

ಉತ್ತರ: ನಕ್ಕಿದ್ದಕ್ಕೆ ಬೇಜಾರಾಗ್ಬೇಡಿ ಮಾರಾಯ್ರೆ, ನಮ್ಮನೇಲೂ ಇದೇ ಆಗಿತ್ತು, ನಮ್ಮ ಭಾವ ಒಳಗಿಂದ ಕೂಗಿದ್ರು. ಅಲ್ಲಾಡದೇ ಕೂತ ಮನುಷ್ಯ ಅದರ ಲೆಕ್ಕದಲ್ಲಿ ಇಲ್ವೇ ಇಲ್ಲ. ಸಾದಾ ಬಲ್ಬಲ್ಲಿ ಟೈಮ್ 20-30 ಸೆಕೆಂಡಿಗೆ ಕಂಪನಿಯವ್ರೇ ಕಟ್ಟಿಹಾಕಿರ್ತಾರೆ, ಬದಲಾಯಿಸೋಕಾಗಲ್ಲ. ಟೈಮ್ ತಿರುಗಿಸೋ ಪುಟ್ಟ ಸ್ಕ್ರೂ ಇರೋ ಸೆನ್ಸಾರ್ ಸ್ವಿಚ್ ತಗೊಂಡು ಐದು ನಿಮಿಷಕ್ಕೆ ಇಡಿ. ಇಲ್ಲಾಂದ್ರೆ ಬಾತ್‌ರೂಮ್ ಒಳಗೆ ಮಾಮೂಲಿ ಸ್ವಿಚ್ಚೇ ಇರ್ಲಿ, ಸೆನ್ಸಾರ್ ಬಾಗಿಲ ಹೊರಗೆ ಪ್ಯಾಸೇಜಿಗೆ, ನನ್ನ ಕೇಳಿದ್ರೆ ಇದೇ ವಾಸಿ. ಪ್ಲಗ್ಗಿಗೆ ಚುಚ್ಚೋದನ್ನ ಮಾತ್ರ ನೀರು ಬೀಳೋ ಕಡೆ ಇಡ್ಲೇಬೇಡಿ. ಅಗ್ಗದ ಪ್ಲಗ್ ಲೈಟೊಳಗೆ ಟ್ರಾನ್ಸ್‌ಫಾರ್ಮರ್ ಇರಲ್ಲ, ಮುಚ್ಚಳ ಒಡೆದ್ರೆ ಒಳಗಿನ ತಗಡು ಮುಟ್ಟಿದವ್ರಿಗೆ ಪೂರ್ತಿ 230 ವೋಲ್ಟ್. ನಿಮ್ಮ ಊರಿನ ತೇವಕ್ಕೆ ಒಳಗೆ ಹಾಕೋದಿದ್ರೆ ಬ್ಯಾಟರೀದು, ಐಪಿ 44ಕ್ಕೆ ಕಮ್ಮಿ ಇಲ್ಲದ್ದು.

ಪ್ರಶ್ನೆ: ಅಂಕಲ್, ನಾನು ದಾವಣಗೆರೇಲಿ ಡಿಪ್ಲೊಮಾ ಓದ್ತಿದೀನಿ, ಅಜ್ಜಿಗೆ ನಾನೇ ಮಾಡಿ ಕೊಡ್ಬೇಕು ಅಂತ ಸೆನ್ಸಾರ್ ಮಾಡ್ಯೂಲ್ ತಂದೆ, ಆನ್ ಮಾಡಿದ ತಕ್ಷಣ ತಾನೇ ಹತ್ತುತ್ತೆ ಆರುತ್ತೆ, ಹುಚ್ಚು ಹಿಡಿದ ಹಾಗೆ.

ಉತ್ತರ: ಎಚ್‌ಸಿ-ಎಸ್‌ಆರ್501 ತಾನೇ ತಮ್ಮಾ? ಕರೆಂಟ್ ಕೊಟ್ಟ ಮೇಲೆ ಒಂದು ನಿಮಿಷ ಸುಮ್ನೆ ಬಿಡು, ಅದು ಕೋಣೆಯ ಬಿಸಿಗೆ ಹೊಂದ್ಕೊಳ್ಳೋ ತನಕ ಹಾಗೇ ಆಡುತ್ತೆ. ಎರಡು ಕಿತ್ತಳೆ ತಿರುಪು ಇದೆಯಲ್ಲ, ಒಂದು ದೂರಕ್ಕೆ, ಮೂರರಿಂದ ಏಳು ಮೀಟರ್, ಇನ್ನೊಂದು ಟೈಮಿಗೆ, ಮೊದ್ಲು ಎರಡನ್ನೂ ಕಮ್ಮಿಗೆ ಇಡು. ಎಲ್‌ಇಡಿ ಬೆಳಕೂ ಬಿಸಿಯೂ ಲೆನ್ಸಿಗೆ ಬೀಳದ ಹಾಗೆ ಮಧ್ಯ ಒಂದು ರಟ್ಟು ಇಡು. ಐದು ವೋಲ್ಟ್ ಮೊಬೈಲ್ ಚಾರ್ಜರಲ್ಲೇ ಮಾಡು, ಮೇನ್ಸ್ ಮುಟ್ಬೇಡ. ಮಾಡಿದ ಮೇಲೆ ಫೋಟೋ ಕಳಿಸು.

ಪ್ರಶ್ನೆ: ಮೈಸೂರಲ್ಲಿ ಮೂರು ಮಹಡಿ ಮನೆ, ಮೆಟ್ಟಿಲಿಗೆ ಸ್ವಿಚ್ ತೆಗೆದು ಸೆನ್ಸಾರ್ ಸ್ವಿಚ್ ಹಾಕಿಸಿದೆ. ಆರಿದ ಮೇಲೂ ಬಲ್ಬ್ ಮಿಣಮಿಣ ಅನ್ನುತ್ತೆ. ಎಲೆಕ್ಟ್ರಿಷಿಯನ್ ಬಲ್ಬ್ ಬದಲಿಸಿ ಅಂತಾರೆ.

ಉತ್ತರ: ಎರಡು ವೈರಿನ ಸೆನ್ಸಾರ್ ಹಾಕಿದಾರೆ. ಅದಕ್ಕೆ ನ್ಯೂಟ್ರಲ್, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್, ಇಲ್ಲ, ತಾನು ಬದುಕೋಕೆ ಬೇಕಾದ ಚೂರು ಕರೆಂಟನ್ನ ಬಲ್ಬ್ ಮೂಲಕವೇ ಎಳ್ಕೊಳ್ಳುತ್ತೆ, ಹಳೇ 60 ವ್ಯಾಟ್ ಬಲ್ಬಿಗೆ ಅದು ಗೊತ್ತೇ ಆಗ್ತಿರಲಿಲ್ಲ, ಎಲ್‌ಇಡಿಗೆ ಅಷ್ಟೇ ಸಾಕು ಮಿಣುಕೋಕೆ. ಮೂರು ವೈರಿನದ್ದು ಹಾಕ್ಸಿ. ಜೊತೆಗೆ ಸೆನ್ಸಾರ್ ಮೇಲೊಂದು ಕೆಳಗೊಂದು ಇರ್ಲಿ, ಮೊದಲ ಮೆಟ್ಟಿಲಿಗೆ ಕಾಲಿಡೋ ಮುಂಚೆ ಬೆಳಕು ಬರ್ಬೇಕು, ಮೂರನೇ ಮೆಟ್ಟಿಲಲ್ಲಿ ಬಂದ್ರೆ ಪ್ರಯೋಜನ ಇಲ್ಲ.

ಪ್ರಶ್ನೆ: ಬೆಕ್ಕಿಗೆ ಹತ್ತದ ಸೆನ್ಸಾರ್ ಲೈಟ್ ಸಿಗುತ್ತಾ? (ಹಾಸನ)

ಉತ್ತರ: ನೆಲದ ಹತ್ರ ಹಾಕೋ ಇಂಥ ಚಿಕ್ಕ ಲೈಟಲ್ಲಿ ಸಿಗೋದು ಕಷ್ಟ. ಬೆಕ್ಕಿನ ಮೈ ನಮಗಿಂತ ಬಿಸಿ. ಬ್ಯಾಟರೀದಾದ್ರೆ ವಾರಕ್ಕೊಂದ್ಸಲ ಚಾರ್ಜ್ ಮಾಡಿ, ಡಬ್ಬಿ ಮೇಲೆ ಬರೆದ ಎರಡು ತಿಂಗಳ ಲೆಕ್ಕ ಬೆಕ್ಕಿಲ್ಲದ ಮನೇದು.

ಪ್ರಶ್ನೆ: ಸರ್, ನಾನು ದುಬೈನಾಗ ಇದ್ದೀನಿ. ಹುಬ್ಬಳ್ಳಿ ಮನ್ಯಾಗ ಅಪ್ಪಾಜಿ ಅವ್ವ ಇಬ್ಬರ ಇರ್ತಾರ. ಮುಂದಿನ ತಿಂಗಳ ಬರಾಕತ್ತೀನಿ, ಇಲ್ಲಿಂದ ಛಲೋ ಸೆನ್ಸಾರ್ ಲೈಟ್ ಆರು ತರ್ಬೇಕು ಅಂತ ಮಾಡೀನಿ. ಹೋದ ಸಲ ಚಾರ್ಜಿಂಗ್ ಲೈಟ್ ಕೊಟ್ಟು ಬಂದಿದ್ದೆ, ಒಂದೂ ಹತ್ತವಲ್ವು ಈಗ.

ಉತ್ತರ: ಪ್ಲಗ್ಗಿಂದು ಅಲ್ಲಿಂದ ತರ್ಬೇಡಿ. ದುಬೈದು ಚೌಕ ಕಡ್ಡಿಯ ಮೂರು ಪಿನ್ನು, ನಮ್ಮದು ಗುಂಡು ಪಿನ್ನು, ನಡುವೆ ಅಡಾಪ್ಟರ್ ಹಾಕಿದ್ರೆ ಗೋಡೆಯಿಂದ ಅರ್ಧ ಗೇಣು ಹೊರಗೆ ಚಾಚ್ಕೊಂಡು ನಿಲ್ಲುತ್ತೆ, ರಾತ್ರಿ ಎದ್ದವ್ರ ಕಾಲಿಗೆ ಅದೇ ತಗಲುತ್ತೆ. ಹುಬ್ಬಳ್ಳೀಲೇ ಎರಡು ಪಿನ್ನಿಂದು 200-300 ರೂಪಾಯಿಗೆ ಸಿಗುತ್ತೆ. ಚಾರ್ಜಿಂದು ಹತ್ತದೇ ಇರೋದು ಯಾಕೆ ಅಂದ್ರೆ ಯಾರೂ ಚಾರ್ಜ್ ಮಾಡಿಲ್ಲ, ಅಷ್ಟೇ. ವಯಸ್ಸಾದವ್ರು ತಿಂಗಳಿಗೊಮ್ಮೆ ಬಗ್ಗಿ ಮಂಚದಡಿಯಿಂದ ಲೈಟ್ ಕಿತ್ತು ಆ ಸಣ್ಣ ತೂತಿಗೆ ವೈರ್ ಚುಚ್ತಾರೆ ಅನ್ನೋದು ಆಗದ ಮಾತು, ಬಗ್ಗಿದಾಗಲೇ ಬೀಳ್ತಾರೆ. ಅವ್ರಿಗೆ ಪ್ಲಗ್ಗಿನದೇ ಸರಿ, ಮನೇಲಿ ಇನ್ವರ್ಟರ್ ಇದ್ರೆ ಅದರ ಲೈನಲ್ಲಿರೋ ಪಾಯಿಂಟಿಗೇ ಹಾಕಿ.

ಇನ್ನೊಂದು, ಬಂದ ದಿನವೇ ಎಲ್ಲಾ ಅಂಟಿಸಿ ಮುಗಿಸ್ಬೇಡಿ. ಎರಡು ರಾತ್ರಿ ಅವ್ರು ಎದ್ದಾಗ ನೀವೂ ಎದ್ದು, ಯಾವ ಗೋಡೆ ಹಿಡ್ಕೊಂಡು ನಡೀತಾರೆ, ಎಲ್ಲಿ ನಿಲ್ತಾರೆ ಅಂತ ನೋಡಿ. ಅಪ್ಪಾಜಿ ಅಡುಗೆಮನೆಗೆ ನೀರಿಗೆ ಹೋಗ್ತಿದ್ರೆ ಅಲ್ಲಿಗೂ ಒಂದು ಬೇಕಾಗುತ್ತೆ. ಅವ್ವ "ಸುಮ್ನ ಯಾಕ ಉರೀಬೇಕು" ಅಂತ ಸ್ವಿಚ್ ಆರಿಸಿಬಿಡ್ತಾರೆ, ಅದು ಗ್ಯಾರಂಟಿ, ಹಾಗಾಗಿ ಮೇಲೆ ತುಮಕೂರಿನವ್ರಿಗೆ ಬರೆದ ಒಂದು ರೂಪಾಯಿ ಲೆಕ್ಕ ಅವ್ರಿಗೆ ಓದಿ ಹೇಳಿ.